ಹಿರಿಯರ ರಿವಾಲ್ವರ್: ಮೊದಲು ಬೆರಳು ನೋಡಿ

ಮಾನ್ಯ ಸಂಪಾದಕರೇ,

ಮೂಡಿಗೆರೆ ಸಮೀಪದ ತೋಟದ ಮನೆಯಲ್ಲಿ ಒಂಟಿಯಾಗಿರುವ, ಎಪ್ಪತ್ತು ದಾಟಿದ ನಮ್ಮ ದೊಡ್ಡಪ್ಪನವರಿಗೆ ಆತ್ಮರಕ್ಷಣೆಗೆಂದು ರಿವಾಲ್ವರ್ ಕೊಡಿಸುವ ಮಾತು ಬಂದಾಗ, ಹಗುರವಾದದ್ದೇ ಇರಲಿ ಎಂದು ಮನೆಯವರೆಲ್ಲ ಹೇಳಿದರು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೊರತಂದ .32 ಬೋರಿನ (ನಳಿಗೆಯ ಒಳ ಅಳತೆ) ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. ಆದರೆ ಗುಂಡು ಅದೇ ಆಗಿದ್ದು ಆಯುಧ ಹಗುರವಾದಷ್ಟೂ ಕೈಗೆ ಬೀಳುವ ಒದೆತ ಹೆಚ್ಚು. ಜೊತೆಗೆ, ಗುಂಡು ಸಿಡಿಸಲು ಬಡಿಯುವ ಹಿಂಭಾಗದ ಹ್ಯಾಮರನ್ನು ಮೊದಲೇ ಎಳೆದಿಡದಿದ್ದರೆ ಟ್ರಿಗರಿನ ಒಂದೇ ಎಳೆತವು ಗುಂಡು ತುಂಬುವ ಸಿಲಿಂಡರನ್ನು ತಿರುಗಿಸಿ ಹ್ಯಾಮರನ್ನೂ ಎತ್ತಬೇಕಾಗುವುದರಿಂದ, ಬೆರಳಿಗೆ ಸಾಕಷ್ಟು ಬಲ ಬೇಕಾಗುತ್ತದೆ. ದೊಡ್ಡಪ್ಪನವರಿಗೋ ಸಂಧಿವಾತ, ಮಾತ್ರೆಯ ಹಾಳೆಯಿಂದ ಒಂದು ಮಾತ್ರೆ ಬಿಡಿಸಲು ಎರಡೂ ಕೈ ಬೇಕು.

ಆದ್ದರಿಂದ ಬೆಲೆ, ಅಂದ ನೋಡುವ ಮುನ್ನ, ಪರವಾನಗಿ ಪಡೆದ ಮಾರಾಟಗಾರರ ಸಮ್ಮುಖದಲ್ಲಿ ಖಾಲಿ ರಿವಾಲ್ವರಿನ ಟ್ರಿಗರನ್ನು ಹಿರಿಯರಿಂದಲೇ ಹತ್ತು ಸಲ ಎಳೆಸಿ ನೋಡಬೇಕು. ಪರವಾನಗಿಗೆ ಬೇಕಾದ ವೈದ್ಯಕೀಯ ತಪಾಸಣೆಯಲ್ಲಿಯೂ ದೃಷ್ಟಿ, ಮರೆವು, ಕೈನಡುಕಗಳನ್ನು ಕಡ್ಡಾಯವಾಗಿ ಪರೀಕ್ಷಿಸಲಿ. ಎಪ್ಪತ್ತು ತುಂಬಿದ ಪರವಾನಗಿದಾರರ ಆಯುಧವನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿರುವುದನ್ನು ಪರವಾನಗಿ ನವೀಕರಣದ ವೇಳೆ ಅಧಿಕಾರಿಗಳು ತಾವಾಗಿಯೇ ಹಿರಿಯರಿಗೆ ತಿಳಿಸಬೇಕೆಂದು ಕೋರುತ್ತೇನೆ.

– ಓದುಗ, ಚಿಕ್ಕಮಗಳೂರು