ಮಿಥುನ್ ಬಗ್ಗೆ ಮಾತಾಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ನಟ ಮಿಥುನ್ ಚಕ್ರವರ್ತಿ ಒಂದಾದರೂ ಒಳ್ಳೆ ಸಿನಿಮಾ ಮಾಡಿದ್ದಾರಾ ಅಂತ ನಿನ್ನೆಯಿಂದ ಇಲ್ಲಿ ಜಗಳ ನಡೆಯುತ್ತಿದೆ. ಮಾಡಿದ್ದಾರೆ. ಮುನ್ನೂರಕ್ಕೂ ಜಾಸ್ತಿ ಸಿನಿಮಾಗಳು, ಅದರಲ್ಲೂ ತೊಂಬತ್ತರ ದಶಕದಲ್ಲಿ ಊಟಿಯಲ್ಲಿ ಸಾಲು ಸಾಲಾಗಿ ತೆಗೆದವು, ಹೆಚ್ಚಿನವು ನೋಡುವ ಹಾಗಿಲ್ಲ, ಒಪ್ಪಿದೆ. ಆದರೆ 1976ರ ‘ಮೃಗಯಾ’ ನೋಡಿದ್ದೀರಾ? ನಿರ್ದೇಶನ ಮೃಣಾಲ್ ಸೇನ್ ಅವರದು. ಹೆಂಡತಿಯನ್ನು ಎತ್ತಿಕೊಂಡು ಹೋದ ಸಾಹುಕಾರನನ್ನು ಕೊಂದ ಬೇಟೆಗಾರ, ದೊಡ್ಡ ಬೇಟೆ ಆಡಿದ್ದೇನೆ ಅಂತ ಬ್ರಿಟಿಷ್ ಸಾಹೇಬನ ಹತ್ತಿರ ಇನಾಮಿಗೆ ಬರುತ್ತಾನೆ, ತನಗೆ ಗಲ್ಲು ಯಾಕೆ ಅಂತ ಅವನಿಗೆ ಅರ್ಥವೇ ಆಗುವುದಿಲ್ಲ. ಆ ಬೇಟೆಗಾರನಾಗಿ ಮಿಥುನ್ ಅವರದು ಎಂಥ ನಟನೆ! ಮೊದಲ ಸಿನಿಮಾಗೇ ರಾಷ್ಟ್ರಪ್ರಶಸ್ತಿ ಬಂತು. ಬಂಗಾಳಿ ಸಿನಿಮಾ ‘ತಹಾದೇರ್ ಕಥಾ’ಗೆ ಮತ್ತೊಂದು. ಡಿಸ್ಕೋ ಹಾಡು ನೋಡಿ ಸುಮ್ನೆ ತೀರ್ಪು ಕೊಡಬೇಡಿ. ಇವೆರಡನ್ನು ನೋಡಿ ಬಂದು ಇಲ್ಲಿ ಬರೆಯಿರಿ, ಅಲ್ಲಿಯವರೆಗೆ ಮೀಮ್ ಹಾಕುವುದು ಬೇಡ.