ಅಪ್ಪನಿಗೂ ಓದಿ ಹೇಳಮ್ಮ

ಕಿಗಾಲಿ, ರುವಾಂಡ, ಭಾನುವಾರ

ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂತು. ಟೀವಿಯಲ್ಲಿ ನೋಡಿ ಹೆದರಬೇಡ, ಆ ಗಲಾಟೆ ಪಕ್ಕದ ಕಾಂಗೋ ದೇಶದ್ದು. ಇಲ್ಲಿ ರಾತ್ರಿ ಹೊತ್ತೂ ಹೆಂಗಸರು ಒಬ್ಬರೇ ಓಡಾಡುತ್ತಾರೆ. ರಸ್ತೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಕಾಣುವುದಿಲ್ಲ, 2008ರಲ್ಲೇ ನಿಲ್ಲಿಸಿದ್ದಾರೆ. ತಿಂಗಳ ಕೊನೆಯ ಶನಿವಾರ ಊರಿಗೆ ಊರೇ ಕಸ ಗುಡಿಸಲು ಇಳಿಯುತ್ತದೆ. ಉಮುಗಾಂಡ ಅಂತ ಅದರ ಹೆಸರು. ನಿನ್ನೆ ನಾನೂ ಪೊರಕೆ ಹಿಡಿದಿದ್ದೆ. ಊಟದ ಯೋಚನೆಯೂ ಬೇಡ. ಉಗಾಲಿ ಅಂತ ಸಿಗುತ್ತದೆ, ಮುಸುಕಿನ ಜೋಳದ ಹಿಟ್ಟಿನದು, ಮುದ್ದೆ ಥರಾನೇ ಕೈಯಲ್ಲಿ ಮುರಿದು ತಿನ್ನುವುದು.

ತಂಗಿ ಸವಿ ವಿಷಯ ಓದಿ ನಿದ್ದೆ ಬರಲಿಲ್ಲ. ಅಪ್ಪ ಅವಳ ಜೊತೆ ಮಾತು ಬಿಟ್ಟು ಮೂರು ವಾರ ಆಯಿತೇ? ಅವಳು ತಟ್ಟೆ ಇಟ್ಟರೆ ಎದ್ದು ಹೋಗುತ್ತಾರೆಯೇ? ಅವಳು ಮೆಚ್ಚಿದ ಹುಡುಗ ಓದಿದ್ದಾನೆ, ಕೆಲಸ ಇದೆ, ಕುಡಿಯುವುದಿಲ್ಲ. ದಲಿತರ ಹುಡುಗ ಅನ್ನುವುದೊಂದೇ ಅಲ್ವಾ?

ನಿನ್ನ ಕಾಗದ ಬಂದಾಗ ಒಂದು ಕಾದಂಬರಿ ಓದುತ್ತಿದ್ದೆ. ಆಫೀಸಿನ ಗೆಳತಿ ಕೊಟ್ಟಿದ್ದು, ಗಾಯೆಲ್ ಫಾಯ್ ಬರೆದ 'ಸ್ಮಾಲ್ ಕಂಟ್ರಿ'. ಪಕ್ಕದ ಬುರುಂಡಿಯಲ್ಲಿ ಗ್ಯಾಬಿ ಅಂತ 10 ವರ್ಷದ ಹುಡುಗ. ಅಪ್ಪ ಫ್ರಾನ್ಸಿನವನು, ಅಮ್ಮ ರುವಾಂಡದಿಂದ ಓಡಿ ಬಂದ ಟುಟ್ಸಿ ಪಂಗಡದವಳು. ಹುಟು ಅಂತ ಇನ್ನೊಂದು ಪಂಗಡ. ಇಬ್ಬರಿಗೂ ದೇಶ ಒಂದೇ, ಭಾಷೆ ಒಂದೇ, ದೇವರೂ ಒಬ್ಬನೇ. ಮತ್ತೆ ಯಾಕೆ ಜಗಳ ಅಂದರೆ ಮೂಗು ಬೇರೆ ಅನ್ನುತ್ತಾನೆ ಅಪ್ಪ. ಅಷ್ಟೇ, ಮಕ್ಕಳು ಪೇಟೆಯಲ್ಲಿ ಹೋಗುವವರ ಮೂಗು ನೋಡಲು ಶುರು ಮಾಡುತ್ತಾರೆ. 1993ರಲ್ಲಿ ಚುನಾವಣೆ ಗೆದ್ದ ಅಧ್ಯಕ್ಷರನ್ನು ಸೈನಿಕರು ಕೊಂದರು. ಆಮೇಲೆ ಶಾಲೆಯ ಮಕ್ಕಳೂ ಎರಡು ಪಂಗಡ.

ಮರುವರ್ಷ ಇಲ್ಲಿ, ರುವಾಂಡದಲ್ಲಿ, 100 ದಿನದಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಗುರುತಿನ ಚೀಟಿಯಲ್ಲೇ ಹುಟುವೋ ಟುಟ್ಸಿಯೋ ಅಂತ ಬರೆದಿತ್ತು. ರಸ್ತೆಗೆ ಅಡ್ಡ ನಿಂತು ಚೀಟಿ ನೋಡಿ ಟುಟ್ಸಿಗಳನ್ನು ಕಡಿದರು. ಎಷ್ಟೋ ಕಡೆ ಕಡಿದವರು ಅಕ್ಕಪಕ್ಕದ ಮನೆಯವರೇ. ಗ್ಯಾಬಿಯ ಅಮ್ಮ ತನ್ನವರನ್ನು ಹುಡುಕಿಕೊಂಡು ಬಂದಾಗ ಸಿಕ್ಕಿದ್ದು ನೆಂಟರ ಮಕ್ಕಳ ಹೆಣ. ನೆಲದ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಾಪಸ್ ಹೋದ ಮೇಲೆ ರಾತ್ರಿ ಸಣ್ಣ ಮಗಳನ್ನು ಎಬ್ಬಿಸಿ ಅದನ್ನೇ ಹೇಳುತ್ತಾಳೆ. ಅಲ್ಲಿ ಪುಸ್ತಕ ಮುಚ್ಚಿ ಹೊರಗೆ ಬಂದು ಕೂತೆ.

ಈಗಿನ ಚೀಟಿಯಲ್ಲಿ ಅದನ್ನು ಬರೆಯುವುದಿಲ್ಲ. ಗೆಳತಿಯನ್ನು ನಾನೂ ಕೇಳಿಲ್ಲ, ಕೇಳುವುದು ತಪ್ಪು. ನಮ್ಮ ಕಡೆ ಹೆಸರು ಕೇಳಿದ ಮೇಲೆ ಮುಂದಿನ ಪ್ರಶ್ನೆ ಅದೇ ಅಲ್ವಾ?

ಇದು ದೂರದೂರಿನ ಕತೆ ಅನ್ನಬೇಡ ಅಮ್ಮ. ಕಂಬಾಲಪಲ್ಲಿ ನಮ್ಮ ಚಿಂತಾಮಣಿ ತಾಲ್ಲೂಕೇ. 2000ದ ಮಾರ್ಚ್‌ನಲ್ಲಿ 7 ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಇಟ್ಟರು. ಆ ಸುದ್ದಿ ಕೇಳಿ ಅಪ್ಪ ಎರಡು ದಿನ ಊಟ ಬಿಟ್ಟಿದ್ದರು ಅಂತ ನೀನೇ ಹೇಳಿದ್ದೆ. ಅದನ್ನು ಅವರಿಗೆ ನೆನಪು ಮಾಡು. ನಾನು ಹೇಳಿದೆ ಅಂತಲೇ ಹೇಳು, ಬೈದರೆ ನನ್ನನ್ನೇ ಬೈಯಲಿ. ಆ ಹುಡುಗನನ್ನು ಒಂದು ಸಲ ಮನೆಗೆ ಕರೆದು ಕಾಫಿ ಕೊಡಲಿ, ಸಾಕು. ಅಲ್ಲಿಯವರೆಗೆ ಸವಿಯನ್ನು ಅತ್ತೆ ಮನೆಗೆ ಮಾತ್ರ ಕಳಿಸಬೇಡ.

ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ದುಡ್ಡು ಸೋಮವಾರ ಹಾಕುತ್ತೇನೆ. ನನಗೇನೂ ತೊಂದರೆ ಇಲ್ಲ, ಆರೋಗ್ಯ ಚೆನ್ನಾಗಿದೆ, ನಿಜವಾಗಿ ಚೆನ್ನಾಗಿದೆ. ಮಳೆ ಜೋರಾಯಿತು, ಬಟ್ಟೆ ಹೊರಗಿದೆ.

ನಿನ್ನ
ದೊಡ್ಡವಳು