ಬ್ಯಾಂಡ್ ಬಿಟ್ಟವರ ಮೊದಲ ಆಲ್ಬಂ

ಪ್ರಿಯ ಓದುಗರೇ,

ಈ ಸಂಚಿಕೆಯಲ್ಲಿ ಸಂಗೀತದ ಬರಹಗಳೇ ಜಾಸ್ತಿ. ನಾನೂ ನಾವಿರುವ ಈ ಇಂಗ್ಲೆಂಡಿನ ಒಬ್ಬ ರಾಕ್ ಹಾಡುಗಾರರ ಬಗ್ಗೆ ಬರೆಯುತ್ತೇನೆ.

ಪೀಟರ್ ಗೇಬ್ರಿಯಲ್ ಶಾಲೆಯ ಗೆಳೆಯರ ಜೊತೆ ಕಟ್ಟಿದ ಬ್ಯಾಂಡ್ ಜೆನೆಸಿಸ್. ತಲೆಗೆ ನರಿಯ ಮುಖವಾಡ, ಮೈಗೆ ಹೆಂಡತಿಯ ಕೆಂಪು ಗೌನು ಹಾಕಿಕೊಂಡು ಹಾಡಿ ಹೆಸರು ಮಾಡಿದವರು ಅವರು. 1974ರಲ್ಲಿ ಮಗಳು ಹುಟ್ಟಿದಳು. ಹೆರಿಗೆ ತುಂಬಾ ಕಷ್ಟದ್ದಾಗಿತ್ತು. ಬ್ಯಾಂಡಿಗೆ ಮಾತ್ರ ಬಿಡುವೇ ಇರಲಿಲ್ಲ. ಆ ವರ್ಷದ ಕೊನೆಗೆ, ಅಮೆರಿಕದ ಪ್ರವಾಸದ ನಡುವೆ, ಬ್ಯಾಂಡ್ ಬಿಡುವುದಾಗಿ ಜೊತೆಯವರಿಗೆ ಹೇಳಿದರು. ಆದರೆ ಅರ್ಧಕ್ಕೇ ಎದ್ದು ಹೋಗಲಿಲ್ಲ. 1975ರ ಮೇ ತನಕ ಒಪ್ಪಿಕೊಂಡ ಕಛೇರಿಗಳನ್ನೆಲ್ಲ ಮುಗಿಸಿಕೊಟ್ಟೇ ಹೊರಬಂದರು. (ನಮ್ಮ ಕಡೆ ಒಬ್ಬರು ಸಂಘದ ಕಮಿಟಿ ಬಿಟ್ಟರೆ ಮುಂದಿನ ಯುಗಾದಿಗೆ ಊರಿನಲ್ಲಿ ಎರಡು ಕಡೆ ಹೋಳಿಗೆ ಊಟ, ಅಲ್ವಾ?)

ಜೆನೆಸಿಸ್ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ಅಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದರು. ಬ್ಯಾಂಡಿನ 1976ರ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 3ನೇ ಜಾಗಕ್ಕೆ ಏರಿತು. ಮರುವರ್ಷ ಗೇಬ್ರಿಯಲ್ ಅವರ ಮೊದಲ ಸ್ವಂತ ಆಲ್ಬಂ ಬಂತು. ಹೆಸರು ಸುಮ್ನೆ 'ಪೀಟರ್ ಗೇಬ್ರಿಯಲ್'. ಅದು 7ನೇ ಜಾಗದವರೆಗೆ ಹೋಯಿತು.

ಕೇಳಿದರೆ ಗೊತ್ತಾಗುತ್ತದೆ, ಬೇಡ ಎನ್ನುವವರು ಪಕ್ಕದಲ್ಲಿ ಇಲ್ಲದ ಮನುಷ್ಯ ಮಾಡಿದ ಆಲ್ಬಂ ಇದು. ಒಂದು ಹಾಡು ವಾದ್ಯವೇ ಇಲ್ಲದ ನಾಲ್ಕು ದನಿಗಳ ತಮಾಷೆಯಿಂದ ಶುರು. ಇನ್ನೊಂದಕ್ಕೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ. ನಿರ್ಮಾಪಕ ಬಾಬ್ ಎಜ್ರಿನ್ ಅವರಿಗೂ ಅದ್ದೂರಿ ಎಂದರೆ ಇಷ್ಟ. ಪ್ರಳಯದ ಬಗ್ಗೆ ಇರುವ ಕೊನೆಯ ಹಾಡಂತೂ ಗಿಟಾರ್, ಡ್ರಮ್ಸ್‌ಗಳ ಅಬ್ಬರದಲ್ಲಿ ಮುಳುಗಿಯೇ ಹೋಗಿದೆ. ಮುಂದೆ ಗೇಬ್ರಿಯಲ್ ಅದನ್ನೇ ಬರೀ ಪಿಯಾನೋ ಜೊತೆ ಹಾಡಿದರು. ನನಗೆ ಹಿಡಿಸುವುದು ಅದೇ.

ಎಲ್ಲರಿಗೂ ಗೊತ್ತಿರುವ ಹಾಡು 'ಸೋಲ್ಸ್‌ಬರಿ ಹಿಲ್'. ಬಾತ್ ಊರಿನ ಪಕ್ಕ, ನೆತ್ತಿ ಮಟ್ಟಸವಾಗಿರುವ ಗುಡ್ಡದ ಹೆಸರು ಅದು. ಬ್ಯಾಂಡ್ ಬಿಟ್ಟ ವಿಚಾರವೇ ಹಾಡಿನ ವಸ್ತು. ಆದರೂ ಅದರಲ್ಲಿ ದೂರಿಲ್ಲ, ಚುಚ್ಚುಮಾತಿಲ್ಲ. ಒಂದು ಅಕೂಸ್ಟಿಕ್ ಗಿಟಾರಿನ ಮೇಲೆ ಹಗುರವಾಗಿ ಓಡುತ್ತದೆ. ಚಪ್ಪಾಳೆ ತಟ್ಟಲು ಹೋದರೆ ಮಾತ್ರ ಕೈ ತಪ್ಪುತ್ತದೆ, ಯಾಕೆಂದರೆ ಎಣಿಕೆ ನಾಲ್ಕಲ್ಲ, ಏಳು. ನಮ್ಮ ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರ ಛಾಪು ಗೊತ್ತಿರುವ ಮಕ್ಕಳಿಗೆ ಇದನ್ನು ಕೇಳಿಸಿ ನೋಡಿ, ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

1982ರಲ್ಲಿ ಗೇಬ್ರಿಯಲ್ ಮತ್ತು ಗೆಳೆಯರು ಶೆಪ್ಟನ್ ಮ್ಯಾಲೆಟ್‌ನಲ್ಲಿ ಹಲವು ದೇಶಗಳ ಸಂಗೀತಗಾರರನ್ನು ಕರೆಸಿ 'ವೋಮ್ಯಾಡ್' ಉತ್ಸವ ಮಾಡಿದರು. ಭಾರೀ ಸಾಲ ತಲೆ ಮೇಲೆ ಬಂತು. ಆಗ ಸಹಾಯಕ್ಕೆ ನಿಂತದ್ದು ಅದೇ ಜೆನೆಸಿಸ್. ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ, ಸುರಿಯುವ ಮಳೆಯಲ್ಲಿ, ಹಳೆಯ ಗೆಳೆಯರು ಅವರಿಗಾಗಿ ಒಂದು ಕಛೇರಿ ನಡೆಸಿಕೊಟ್ಟರು. ಗೇಬ್ರಿಯಲ್ ವೇದಿಕೆಗೆ ಬಂದದ್ದು ಶವಪೆಟ್ಟಿಗೆಯಲ್ಲಿ ಮಲಗಿಕೊಂಡು!

ನಿಮ್ಮ ಸಂಪಾದಕ